ಬೆಂಕಿ ಕಾಣದ ಮೂತಿ

“ಬೆಂಕಿ ಕಾಣಬಾರದು ಕಣ್ರೀ. ಸದ್ದು ಎಷ್ಟಾದ್ರೂ ಆಗ್ಲಿ.”

ಶಿಕಾರಿಪುರದಲ್ಲಿ ಕೋವಿ ರಿಪೇರಿ ಮಾಡುವ ಸದಾಶಿವಪ್ಪನ ಕೈಲಿದ್ದ ಅರ ನಿಂತಿತು. ಎದುರಿಗೆ ಸೊರಬದ ಕಡೆಯ ಕುಪ್ಪಗಡ್ಡೆಯ ಉಜ್ಜಪ್ಪ. ನಿದ್ದೆಗೆಟ್ಟ ಕಣ್ಣು, ಗುಂಡಿ ತಪ್ಪಿಸಿ ಹಾಕಿಕೊಂಡ ಅಂಗಿ. ಮೇಜಿನ ಮೇಲೆ ಅವನ ಕಾರ್ಬೈನು. ಪಿಸ್ತೂಲಿನ ತೋಟಾವನ್ನೇ ಹಾಕುವ, ಗಿಡ್ಡ ನಳಿಕೆಯ ಕೋವಿ. ಬೆಳೆ ಕಾಯಲೆಂದು ಲೈಸೆನ್ಸು ಪಡೆದದ್ದು.

ನಳಿಕೆಯ ತುದಿಗೆ ಕೂರಿಸುವ ಮೂತಿ ಸದಾಶಿವಪ್ಪನ ಬಳಿ ಎರಡು ಬಗೆಯದಿತ್ತು. ಒಂದು ತೂತಿನ ಕೊಳವೆ. ಹಾರಿಸಿದಾಗ ಕೋವಿ ಮೇಲಕ್ಕೆ ಜಿಗಿಯದಂತೆ ಹಿಡಿಯುತ್ತದೆ, ಆದರೆ ಎರಡೂ ಪಕ್ಕಕ್ಕೆ ಬೆಂಕಿ ಉಗುಳುತ್ತದೆ. ಇನ್ನೊಂದು ಲಾಳಿಕೆಯಂತೆ ಬಾಯಿ ಅಗಲಿಸಿದ್ದು. ಬೆಂಕಿಯನ್ನು ಒಳಗೇ ಮುಚ್ಚಿಕೊಂಡು ಸದ್ದನ್ನು ಮುಂದಕ್ಕೆ ತಳ್ಳುತ್ತದೆ. ಯಾವುದನ್ನು ಕೇಳುತ್ತಾರೆ ಎಂಬುದರಲ್ಲೇ ಗಿರಾಕಿಯ ಉದ್ದೇಶ ಅವನಿಗೆ ತಿಳಿಯುತ್ತಿತ್ತು. ಹಂದಿ ಬೆದರಿಸುವವರಿಗೆ ಬೆಂಕಿಯೂ ಬೇಕು, ಸದ್ದೂ ಬೇಕು. ಕದ್ದು ಬೇಟೆಯಾಡುವವರಿಗೆ ಎರಡೂ ಬೇಡ.

ಇವನು ಎರಡು ಗುಂಪಿಗೂ ಸೇರದವನು.

“ಹಂದಿ ಕಾಟವೇನ್ರೀ?”

“ಹಂದಿಗಲ್ಲ ಬಿಡ್ರಿ. ಬೆನ್ನ ಹಿಂದೆ ನಿಂತು ಹಾರಿಸಬೇಕು. ಬೆಂಕಿ ಕಣ್ಣಂಚಿಗೆ ಬಿದ್ರೂ ನನ್ ಕೆಲಸ ಕೆಟ್ಟಂಗೇ.”

“ಯಾರ ಬೆನ್ನ ಹಿಂದೆ?”

ಉಜ್ಜಪ್ಪ ನೆಲ ನೋಡಿದ. “ಮನೆಯೋರದೇ.”

ಉಜ್ಜಪ್ಪನಿಗೂ ಅವನ ತಮ್ಮ ಚಿಕ್ಕಬೀರಪ್ಪನಿಗೂ ಗದ್ದೆಯ ಬದುವಿಗಾಗಿ ನಡೆದ ಜಗಳ ಶಿಕಾರಿಪುರದ ಸಂತೆಯವರೆಗೂ ಬಂದಿತ್ತು. ಸದಾಶಿವಪ್ಪ ಅರವನ್ನು ಮೇಜಿನ ಮೇಲಿಟ್ಟ.

“ನಿಮ್ಮ ಬಸಕ್ಕಂಗೆ ಗೊತ್ತಾ?”

“ಗೊತ್ತಾದ್ರೆ ಕೈ ಹಿಡ್ಕಂತಾಳೆ. ಹೆಂಡ್ತಿ ಅಲ್ವಾ, ಅವಳಿಗಿನ್ನೂ ಆಸೆ ಐತೆ. ನಂಗೆ ಸಾಕಾಗೈತೆ ಸದಾಶಿವಪ್ಪನೋರೆ. ಜಾಗಟೆ ಆಯ್ತು, ತಮಟೆ ಆಯ್ತು, ದೇವರ ಕೇಳಿದ್ದೂ ಆಯ್ತು. ಇವತ್ತು ಇತ್ಯರ್ಥ ಆಗಿಬಿಡ್ಲಿ.”

“ಈ ಲಾಳಿಕೆ ಹಾಕಿದ್ರೆ ಸೊರಬದ ಅಮಲ್ದಾರರ ಮಧ್ಯಾಹ್ನದ ನಿದ್ದೇನೂ ಹಾರಿಹೋಗುತ್ತೆ, ನೋಡ್ಕಳ್ಳಿ. ಊರಿಗೆಲ್ಲ ಕೇಳುತ್ತೆ.”

“ಊರಿಗೆ ಕೇಳಿ ನಂಗೇನಾಗ್ಬೇಕು?”

ಸದಾಶಿವಪ್ಪ ಲೆಕ್ಕ ಹಾಕಿದ. ಆಗುವುದಿಲ್ಲ ಎಂದರೆ ಬರಿ ನಳಿಕೆಯಲ್ಲೇ ಹಾರಿಸುತ್ತಾನೆ. ಜೊತೆಗಿದ್ದರೆ ಕೈಯನ್ನಾದರೂ ಹಿಡಿಯಬಹುದು. ಅವನು ಲಾಳಿಕೆಯನ್ನು ತಿರುಗಿಸಿ ಬಿಗಿಮಾಡಿದ.

“ಸರಿಯಾಗಿ ಕೂತಿದೆಯೋ ಇಲ್ವೋ, ಮೊದಲನೇ ಸಲ ನಾನೇ ನೋಡ್ಬೇಕು. ನಾನೂ ಬರ್ತೀನಿ.”

“ಬರ್ರಿ,” ಎಂದ ಉಜ್ಜಪ್ಪ. “ಸಾಕ್ಷಿ ಒಬ್ರು ಇದ್ರೆ ಒಳ್ಳೇದೇ. ನಾಳೆ ನನ್ ಮಾತು ಯಾರೂ ನಂಬಲ್ಲ.”

ಸೊರಬದ ಬಸ್ಸಿನಲ್ಲಿ ಗೋಣಿ ಸುತ್ತಿದ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜಪ್ಪ ಕೂತಿದ್ದ. ಸದಾಶಿವಪ್ಪ ಅಣ್ಣತಮ್ಮಂದಿರ ವಿಷಯ ಎತ್ತಿದ. ಬದು ಹೋದರೆ ಹೋಗಲಿ, ರಕ್ತ ಒಂದೇ ಅಲ್ಲವೇ ಎಂದ. ಉಜ್ಜಪ್ಪ ಅವನನ್ನು ವಿಚಿತ್ರವಾಗಿ ನೋಡಿ ಕಿಟಕಿಯತ್ತ ತಿರುಗಿದ.

ಕುಪ್ಪಗಡ್ಡೆಯಲ್ಲಿ ಉಜ್ಜಪ್ಪನ ಮನೆ ಹಿಂದಿನ ಕಣದಲ್ಲಿ ಚಿಕ್ಕಬೀರಪ್ಪ ಇವರಿಗೆ ಬೆನ್ನು ಹಾಕಿ ಹಗ್ಗ ಹೊಸೆಯುತ್ತ ಕೂತಿದ್ದ. ಅವನಿಂದ ನಾಲ್ಕು ಮಾರು ಆಚೆ, ಬೇಲಿಯ ಕಡೆ ಮುಖಮಾಡಿ, ಉಜ್ಜಪ್ಪನ ಮಗಳು ಸುಂಕಿ ಆಡುತ್ತಿದ್ದಳು. ಉಜ್ಜಪ್ಪ ಚಪ್ಪಲಿ ಕಳಚಿ, ಸಪ್ಪಳವಿಲ್ಲದೆ ನಾಲ್ಕು ಹೆಜ್ಜೆ ಇಟ್ಟ. ಕೋವಿ ಎತ್ತಿದ.

ಸದಾಶಿವಪ್ಪ ಅವನ ತೋಳು ಹಿಡಿದು ಪಿಸುಗುಟ್ಟಿದ. “ಬ್ಯಾಡ ಕಣೋ. ಮಗು ಐತೆ ಅಲ್ಲಿ.”

“ಅದಕ್ಕೇ ಬಂದಿರೋದು,” ಎಂದು ಉಜ್ಜಪ್ಪ ತೋಳು ಕೊಡವಿದ.

ಸದಾಶಿವಪ್ಪ ಕಣ್ಣು ಮುಚ್ಚಿಕೊಂಡ. ಈಡು ಸಿಡಿಯಿತು.

ಕಣ್ಣು ಬಿಟ್ಟಾಗ ನಳಿಕೆ ಆಕಾಶ ನೋಡುತ್ತಿತ್ತು. ಕಾಗೆಗಳು ಕೂಗುತ್ತ ಎದ್ದಿದ್ದವು. ಎಮ್ಮೆ ಹಗ್ಗ ಕಿತ್ತುಕೊಂಡು ಗದ್ದೆಗಿಳಿದಿತ್ತು. ಚಿಕ್ಕಬೀರಪ್ಪ ಎದ್ದು ನಿಂತು, “ತಲೆಗಿಲೆ ಕೆಟ್ಟೈತಾ ಅಣ್ಣ?” ಎಂದು ಬೈಯುತ್ತಿದ್ದ. ಒಳಗಿನಿಂದ ಓಡಿ ಬಂದ ಬಸಕ್ಕ ಹಿತ್ತಿಲ ಬಾಗಿಲಲ್ಲೇ ಬಾಯಿಗೆ ಸೆರಗು ಒತ್ತಿ ನಿಂತಳು. ಉಜ್ಜಪ್ಪ ಯಾರನ್ನೂ ನೋಡಲಿಲ್ಲ. ಅವನ ಕಣ್ಣು ಬೇಲಿಯ ಬಳಿಯ ಆ ಪುಟ್ಟ ಬೆನ್ನಿನ ಮೇಲಿತ್ತು.

ನಾಲ್ಕು ವರ್ಷ ತುಂಬಿದರೂ ಇನ್ನೂ ಅಪ್ಪಾ ಎನ್ನದ ಸುಂಕಿ, ಆ ಸದ್ದಿಗೂ ತಿರುಗದೆ, ಹುಣಸೆ ಬೀಜ ಜೋಡಿಸುತ್ತಲೇ ಇದ್ದಳು.