ಅಜ್ಜಿಯ ತುರುಬಿನ ಮಲ್ಲಿಗೆ

"ನಾನು ಹತ್ರ ಹೋದ್ರೆ ಸಾಕು, ಮೊಮ್ಮಗಳು ಎದ್ದು ಓಡ್ತಾಳೆ. ಎಲ್ಲಾ ಇವ್ಳು ಹೇಳ್ಕೊಟ್ಟಿರೋದು ಕಣಮ್ಮಾ," ಎಂದು ಗೋವಿಂದಮ್ಮ ಕೌನ್ಸೆಲರ್ ಎದುರಿಗೇ ಸೊಸೆಯತ್ತ ಕೈ ತೋರಿಸಿದಳು. ನಾಗಲಕ್ಷ್ಮಿ ತಲೆ ತಗ್ಗಿಸಿದಳು. ಮಗಳಿಗೆ ಆಟಿಸಂ ಎಂದು ತಿಳಿದಾಗಿನಿಂದ ಮನೆಯಲ್ಲಿ ತಪ್ಪೆಲ್ಲ ಅವಳದೇ.

ಕೌನ್ಸೆಲರ್ ಕಿಟಕಿಯ ಬಳಿ ನಿಂತಿದ್ದ ಹುಡುಗಿ ಕೋಮಲಾಳನ್ನೇ ಕೇಳಿದರು. "ಅಜ್ಜಿ ಹತ್ರ ಯಾಕಮ್ಮಾ ಕೂರಲ್ಲ?"

ಇದನ್ನು ಅವಳನ್ನೇ ಕೇಳಬಹುದೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕೋಮಲಾ ಗೋಡೆಗೆ ಹೇಳುವಂತೆ ಹೇಳಿದಳು, "ಅಜ್ಜಿ ಇಷ್ಟ. ಮಲ್ಲಿಗೆ ವಾಸ್ನೆ ತಲೆಯೊಳ್ಗೆ ಚುಚ್ತದೆ."

ಗೋವಿಂದಮ್ಮನ ಕೈ ತುರುಬಿಗೆ ಹೋಯಿತು. ಮದುವೆಯಾದಾಗಿನಿಂದ ಹೂವಿಲ್ಲದೆ ಹೊಸ್ತಿಲು ದಾಟಿದವಳಲ್ಲ. ಬೋಳು ತಲೆಯಲ್ಲಿ ಫ್ಯಾಕ್ಟರಿಗೆ ಹೋಗುತ್ತಾಳೆಂದು ಸೊಸೆಯನ್ನು ದಿನಾ ಬೈಯುವವಳು. ಈಗ ಮಲ್ಲಿಗೆ ದಂಡೆಯನ್ನು ಬಿಚ್ಚಿ, ಬಾಗಿಲಾಚೆಯ ಬೆಂಚಿನ ಮೇಲಿಟ್ಟು ಬಂದಳು. "ಇಷ್ಟೇನೇನೇ? ನಾಳೆಯಿಂದ ಕನಕಾಂಬ್ರ ಮುಡ್ಕೋತೀನಿ ಬುಡು. ಅದ್ಕೆ ವಾಸ್ನೇನೇ ಇಲ್ಲ."

ಕೋಮಲಾ ಕುರ್ಚಿ ಎಳೆದುಕೊಂಡು ಬಂದು ಅಜ್ಜಿಯ ಪಕ್ಕ ಕೂತಳು. ಅಲುಗಾಡಿದರೆ ಎಲ್ಲಿ ಎದ್ದುಹೋಗುವಳೋ ಎಂದು ಗೋವಿಂದಮ್ಮ ಕಣ್ಣನ್ನು ಮಾತ್ರ ಸೊಸೆಯತ್ತ ಹೊರಳಿಸಿ ಪಿಸುಗುಟ್ಟಿದಳು. "ನೀನಾದ್ರೂ ಹೇಳ್ಬಾರ್ದಾಗಿತ್ತೇನೇ?"

"ನಂಗೂ ಈಗ್ಲೇ ಗೊತ್ತಾಗಿದ್ದು, ಅತ್ತೆ," ಎಂದ ನಾಗಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ.