ದೋಷಪುಸ್ತಕಕ್ಕೆ ಒಂದು ಸಾಲು

ರಾತ್ರಿ ಎರಡು ಗಂಟೆಗೆ ತುರ್ತು ವಾರ್ಡಿನಲ್ಲಿ ರೋಗಿಗಳ ಸರದಿ ತೀರ್ಮಾನಿಸುವ ಯಂತ್ರ ಟಿಕ್ ಎಂದಿತು. ಯಾರನ್ನೋ ಐಸಿಯು ಸರದಿಯಲ್ಲಿ ಹಿಂದಕ್ಕೆ ಹಾಕಿದ ಸದ್ದು ಅದೆಂದು ರಾತ್ರಿ ಪಾಳಿಯ ನರ್ಸ್ ಕುಮುದಿನಿಗೆ ಗೊತ್ತು.

ಜೀವದ ವಿಷಯ ತೀರ್ಮಾನಿಸುವ ಪ್ರತಿ ಯಂತ್ರಕ್ಕೂ, ಅದು ಎಲ್ಲೆಲ್ಲಿ ತಪ್ಪುತ್ತದೆಂದು ಪರೀಕ್ಷಿಸಿ ಬರೆದಿಡುವ ದೋಷಪುಸ್ತಕ ಇರಲೇಬೇಕೆಂಬುದು ಕಾನೂನು. ಬರೆಯುವವರನ್ನು ಯಂತ್ರವೇ ಆರಿಸಿಕೊಳ್ಳುತ್ತದೆ. ಒಂಬತ್ತು ವರ್ಷ ಅದು ಕುಮುದಿನಿಯನ್ನೇ ಆರಿಸಿತ್ತು. ಈ ಸಲ, ಬಂದು ಆರು ತಿಂಗಳೂ ಆಗದ, ಹಗಲು ಪಾಳಿಯ ಲವಿಟಾಳ ಹೆಸರು ಹೇಳಿತು.

"ಬೇಜಾರಾ ಕುಮುದಕ್ಕ? ನೀವು ಬರೆದ್ರೆ ಬೈಸಿಕೊಂಡ ಹಾಗೆ ಆಗ್ತದಂತೆ ಅದಕ್ಕೆ!" ಎಂದು ಲವಿಟಾ ಎಲ್ಲರೆದುರು ನಕ್ಕಿದ್ದಳು. ಕುಮುದಿನಿಯೂ ನಕ್ಕಿದ್ದಳು. ಅವತ್ತು ಊಟದ ಡಬ್ಬಿಯನ್ನು ಮಾತ್ರ ತೆರೆಯದೆ ಮನೆಗೆ ಒಯ್ದಳು.

ಈಗ ಅವಳು ಸರದಿಯ ಪಟ್ಟಿ ನೋಡಿದಳು. ನೋವು ನುಂಗಿಕೊಂಡು ಸುಮ್ಮನೆ ಮಲಗಿದ್ದ ಮುದುಕಿಯೊಬ್ಬಳನ್ನು ಯಂತ್ರ ನಿದ್ದೆಯಲ್ಲಿದ್ದಾಳೆಂದು ಎಣಿಸಿ ಹಿಂದಕ್ಕೆ ಹಾಕಿತ್ತು. ಕುಮುದಿನಿ ಸರದಿ ಸರಿಪಡಿಸಿ, ಮುದುಕಿಯನ್ನು ಒಳಗೆ ಕಳಿಸಿ, ಲವಿಟಾಳ ಪುಸ್ತಕ ತೆರೆದಳು. ಲವಿಟಾ ಮಾಡಿದ ಪರೀಕ್ಷೆಗಳೆಲ್ಲ ಹಗಲಿನವು. ಈ ದೋಷ ಅದರಲ್ಲಿ ಇರಲೇ ಇಲ್ಲ.

"ಅವಳಿಗೆ ಹೇಳ್ಲಿಲ್ವಾ ಇದನ್ನ?" ಎಂದು ಯಂತ್ರವನ್ನು ಕೇಳಿದಳು.

"ಅವರು ರಾತ್ರಿ ಬರೋದಿಲ್ಲ," ಎಂದಿತು ಯಂತ್ರ. "ನೀವು ಬರ್ತೀರಿ."

ಅವಳ ಎದೆ ಬೆಚ್ಚಗಾಯಿತು. ದೋಷಪುಸ್ತಕದ ತಪಾಸಣೆ ಬೆಳಿಗ್ಗೆಯೇ. ತಾನು ಸುಮ್ಮನಿದ್ದರೆ ಈ ದೋಷ ಯಾರ ಕಣ್ಣಿಗೂ ಬೀಳದೆ ಉಳಿದು ಒಂದಲ್ಲ ಒಂದು ರಾತ್ರಿ ಯಾರಾದರೂ ಸಾಯುತ್ತಾರೆ, ಲವಿಟಾ ಸಿಕ್ಕಿಬೀಳುತ್ತಾಳೆ. ಆ ಯೋಚನೆಯ ರುಚಿಯನ್ನು ಒಂದು ಗಳಿಗೆ ಸವಿದಳು. ಆಮೇಲೆ ತನಗೇ ಹೇಸಿಗೆಯಾಗಿ, ಲವಿಟಾ ಬರೆಯುವ ಧಾಟಿಯಲ್ಲೇ ಆ ದೋಷವನ್ನು ಅವಳ ಪುಸ್ತಕಕ್ಕೆ ಸೇರಿಸಿದಳು.

ಬೆಳಿಗ್ಗೆ ಹೊಗಳಿಕೆ ಲವಿಟಾಳಿಗೇ ಹೋಗಲಿ. 'ನೀವು ಬರ್ತೀರಿ' ಎಂದು ಯಂತ್ರ ತನಗೆ ಆಡಿದ ಮಾತನ್ನು ಮಾತ್ರ ಕುಮುದಿನಿ ಯಾರಿಗೂ ಹೇಳುವುದಿಲ್ಲ.