ಟಾಸ್ ಬಿದ್ದ ಕಡೆ

"ವಿದ್ಯಾರ್ಥಿಗಳ ವಿಮೆಯಲ್ಲಿ ಗರ್ಭನಿರೋಧಕ ಮಾತ್ರೆ ಬೇಡವೇ ಬೇಡ! ಇದು ಚರ್ಚಿನ ಕಾಲೇಜು. ಕಾಯಿಲೆಗೆ ಔಷಧಿ ಅಂತ ಈ ಮಾತ್ರೆ ಕೇಳಿದವರಿಗೆ ಇವತ್ತಿನವರೆಗೂ ಯಾರೂ ಇಲ್ಲ ಅಂದಿಲ್ಲ. ಹಾಗಿದ್ದಮೇಲೆ ನಿಯಮ ಯಾಕೆ ಬದಲಾಯಿಸಬೇಕು?"

ಥೆಕ್ಲಾ ಮಾತು ಮುಗಿಸಿದ್ದೇ ತಡ, ಚರ್ಚಾಸ್ಪರ್ಧೆಯ ಸಭಾಂಗಣವೆಲ್ಲ ಮೇಜು ಗುದ್ದಿತು. ಹುಡುಗಿ ಮಾತಿಗೆ ನಿಂತರೆ ಕೇಳಬೇಕೆ! ಮುಂದಿನ ಸಾಲಿನಲ್ಲಿ ಆಡಳಿತ ಮಂಡಳಿಯವರು ಕೂತಿದ್ದರು. ಕ್ರೈಸ್ತರ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರವಾದ್ದರಿಂದ ಎಲ್ಲರ ಹಣೆಯ ಮೇಲೂ ಬೂದಿಯ ಶಿಲುಬೆ. ಇದೇ ವಿಷಯಕ್ಕೆ ಅವರು ಆ ಸಂಜೆ ಓಟು ಹಾಕುವವರಿದ್ದರು. ತೀರ್ಪುಗಾರರಾದ ಫಾದರ್ ಕ್ವಿನ್ಲನ್ ಕೂಡ ಮಂಡಳಿಯವರೇ.

ವೇದಿಕೆಯಿಂದ ಇಳಿದವಳ ತೋಳನ್ನು ಕೋಣೆಯ ಗೆಳತಿ ಬ್ರಿಜಿಡ್ ಹಿಡಿದೆಳೆದಳು.

"ಹುಚ್ಚು ಹಿಡಿದಿದ್ಯೇನೇ ನಿಂಗೆ? ನಿನ್ನ ಅರ್ಜಿನೇ ವಾಪಸ್ ಬಂದಿಲ್ವಾ? ಮದುವೆ ಆಗದೋಳಿಗೆ ಈ ಮಾತ್ರೆ ಯಾಕಂತೆ ಅಂತ ಕೇಳಲಿಲ್ವಾ ಆ ವಿಮೆಯ ಪುಣ್ಯಾತ್ಮರು?"

"ಟಾಸ್ ಯಾವ ಕಡೆ ಬೀಳುತ್ತೋ ಆ ಕಡೆ ಮಾತಾಡ್ಬೇಕು ಕಣೇ. ನಿಜ ಹೇಳೋಕೆ ಇದೇನು ಕೋರ್ಟಾ?" ಎಂದು ಥೆಕ್ಲಾ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆಯೇ ಕುಸಿದಳು.

ಅಂಡಾಶಯದಲ್ಲಿ ನೀರುಗುಳ್ಳೆ ಏಳುವ ಕಾಯಿಲೆ ಅವಳದು. ಹೈಸ್ಕೂಲಿನಲ್ಲಿದ್ದಾಗಲೇ ಒಂದು ಅಂಡಾಶಯ ತೆಗೆದಿದ್ದರು. ಉಳಿದದ್ದನ್ನು ಕಾಪಾಡುತ್ತಿದ್ದದ್ದು ಆ ಮಾತ್ರೆ. ವಿಮೆಯವರು ಕೊಡುವುದಿಲ್ಲ ಎಂದ ಮೇಲೆ ಕೈಯಿಂದ ಕೊಳ್ಳಲಾಗದೆ, ಈ ಚಳಿಗಾಲದಲ್ಲಿ ನಿಲ್ಲಿಸಿಬಿಟ್ಟಿದ್ದಳು.

ಮಾರನೆಯ ಬೆಳಿಗ್ಗೆ ಫಾದರ್ ಕ್ವಿನ್ಲನ್ ಗೆಲುವಿನ ಕಪ್ಪು ಹಿಡಿದು ಆಸ್ಪತ್ರೆಗೆ ಬಂದರು. "ಹೇಗಿದ್ದೀಯಾ ಮಗಳೇ? ಗೆದ್ದಿದ್ದು ನೀನೇ!"

ಥೆಕ್ಲಾಳ ಹಣೆಯಲ್ಲಿ ನಿನ್ನೆಯ ಬೂದಿ ಇನ್ನೂ ಇತ್ತು. "ಉಳಿದಿದ್ದನ್ನೂ ತೆಗೆದ್ರು ಫಾದರ್. ನಂಗಿನ್ನು ಬಸಿರಿಲ್ಲ, ಬಾಣಂತನ ಇಲ್ಲ."

ಮಾತ್ರೆಯ ಕಥೆ, ವಾಪಸ್ ಬಂದ ಅರ್ಜಿಯ ಕಥೆ, ಎಲ್ಲವನ್ನೂ ಬ್ರಿಜಿಡ್ ಒಂದೇ ಉಸಿರಿನಲ್ಲಿ ಒದರಿದಳು. ಫಾದರ್‌ಗೆ ಸಿಡಿಲು ಬಡಿದಂತಾಯಿತು.

"ನಿನಗೇ ಇಲ್ಲ ಅಂದಿದ್ರಾ? ಮತ್ತೆ ಯಾರಿಗೂ ಇಲ್ಲ ಅಂದಿಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಳಿದ್ಯಲ್ಲೇ, ತಾಯಿ!"

"ಟಾಸ್ ಹಾಕಿದ್ದು ನೀವೇ ಅಲ್ವಾ, ಫಾದರ್?"

ಫಾದರ್ ಅಲ್ಲೇ ಕುರ್ಚಿಯಲ್ಲಿ ಕೂತರು. ಕಪ್ಪನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲೆಯೇ ಇಟ್ಟುಕೊಂಡರು.

"ನಿನ್ನೆ ಮಂಡಳಿಯಲ್ಲಿ ಆ ಕಡೆ ಅರ್ಧ, ಈ ಕಡೆ ಅರ್ಧ ಓಟು ಬಿದ್ದಿತ್ತು. ಉಳಿದಿದ್ದು ನಂದೊಂದೇ. ಮಾತ್ರೆ ಕೊಡೋಣ ಅಂತಲೇ ಮನೆ ಬಿಟ್ಟಿದ್ದೆ ಮಗಳೇ..." ಅವರು ತೊಡೆಯ ಮೇಲಿನ ಕಪ್ಪನ್ನು ನೋಡಿದರು. "ನಿನ್ನ ಮಾತು ನಂಬಿ, ಬೇಡ ಅಂತ ಕೈ ಎತ್ತಿಬಿಟ್ಟೆ."